ಧಬಧಬೆಯ ದರ್ಶನವೂ ನದಿಯ ಋಣವೂ

ಆಷಾಢದ ಮಳೆಯು ನೆಲೆನಿಂತಿತೆಂದರೆ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಗಳಿಂದ ಹೊರಟ ಮೋಟಾರುಗಳ ಸಾಲು ಸಾಗರ, ಸಿದ್ದಾಪುರ, ಶಿರಸಿ, ಯಲ್ಲಾಪುರಗಳ ಹಾದಿಗಳನ್ನು ತುಂಬಿಬಿಡುತ್ತದೆ. ಶನಿವಾರ ಆದಿತ್ಯವಾರಗಳಲ್ಲಂತೂ ಜೋಗದ ಕಟ್ಟೆಯ ಬಳಿ ಕಾಲಿಡಲು ಎಡೆಯಿರುವುದಿಲ್ಲ. ಕೆಲವೇ ವರ್ಷಗಳ ಹಿಂದೆ ಆಯಾ ಊರಿನ ದನಗಾಹಿಗಳಿಗೂ ಸೊಪ್ಪು ತರುವವರಿಗೂ ಮಾತ್ರ ಗೊತ್ತಿದ್ದ ಸಣ್ಣ ಅಬ್ಬಿಗಳು ಸಹ ಇಂದು ಮೊಬೈಲಿನ ಚಿತ್ರಗಳ ಮೂಲಕ ಪ್ರಸಿದ್ಧಿಗೆ ಬಂದು ಜನಜಂಗುಳಿಯನ್ನು ಕಾಣುತ್ತಿವೆ. ಈ ಉತ್ಸಾಹವನ್ನು ನಾವು ಹಳಿಯಲಾರೆವು. ತನ್ನ ನಾಡನ್ನು ಕಣ್ಣಾರೆ ಕಾಣದವನು ಅದರ ಹೆಸರಿನಲ್ಲಿ ಎಷ್ಟು ಜಯಕಾರ ಹಾಕಿದರೂ ಅದು ಬಾಯಿಮಾತೇ ಸರಿ. ಕನ್ನಡಿಗನು ಕನ್ನಡದ ನದಿಗಳನ್ನು ನೋಡಲು ಹೊರಟನೆಂಬುದು ಸಂತೋಷದ ಸಂಗತಿ. ಆದರೆ ಹಾಗೆ ಹೊರಟವನು ನೋಡಿ ಬರುವುದೇನನ್ನು, ನೋಡಿದ ಮೇಲೆ ಅವನ ಮೇಲೆ ಬೀಳುವ ಹೊಣೆ ಯಾವುದು ಎಂಬ ವಿಚಾರವನ್ನು ವಾಚಕರ ಮುಂದಿಡುವುದು ಈಗ ಅವಶ್ಯವಾಗಿದೆ.

ಸಹ್ಯಾದ್ರಿಯ ಪಶ್ಚಿಮದ ಅಂಚು ಗೋಡೆಯಂತೆ ಕಡಿದಾಗಿ ನಿಂತಿರುವುದರಿಂದ ಅಲ್ಲಿಯ ನದಿಗಳಿಗೆ ಸಾವಧಾನವಾಗಿ ಹರಿಯುವ ಸೌಕರ್ಯವಿಲ್ಲ. ಕೃಷ್ಣೆಯೂ ಕಾವೇರಿಯೂ ನೂರಾರು ಹರದಾರಿ ಸುತ್ತಿ ಪೂರ್ವಸಮುದ್ರವನ್ನು ಸೇರಿದರೆ, ಕಾಳಿ, ಬೇಡ್ತಿ, ಅಘನಾಶಿನಿ, ಶರಾವತಿಗಳು ಬೆಟ್ಟದ ನೆತ್ತಿಯಲ್ಲಿ ಹುಟ್ಟಿ ಅಥವಾ ಬಯಲುಸೀಮೆಯ ಅಂಚಿನಿಂದ ಹೊರಟು ಇನ್ನೂರು ಕಿಲೋಮೀಟರಿನೊಳಗೇ ಅರಬೀ ಸಮುದ್ರಕ್ಕೆ ಇಳಿದುಬಿಡಬೇಕು. ತೀರ್ಥಹಳ್ಳಿಯ ಹತ್ತಿರದ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯ ಉದ್ದ ಹೊನ್ನಾವರದ ಅಳಿವೆಯವರೆಗೆ ಎಣಿಸಿದರೂ ಸುಮಾರು ೧೨೮ ಕಿಲೋಮೀಟರು. ಇಷ್ಟು ಅಲ್ಪ ದೂರದಲ್ಲಿ ಇಷ್ಟು ಎತ್ತರವನ್ನು ಇಳಿಯಬೇಕಾದ ನೀರಿಗೆ ಧುಮುಕುವುದೊಂದೇ ದಾರಿ. ಧಬಧಬೆಯೆಂಬುದು ನದಿಯು ನಮಗಾಗಿ ಹೂಡಿದ ಆಟವಲ್ಲ. ಅದು ನದಿಯ ನಡಿಗೆಯಲ್ಲಿಯ ಒಂದು ಹೆಜ್ಜೆ. ಆ ಹೆಜ್ಜೆಯ ಹಿಂದೆ ಕಾಡು ಇದೆ, ಮುಂದೆ ಅಳಿವೆ ಇದೆ. ಮಳೆಗಾಲದ ನಾಲ್ಕು ತಿಂಗಳ ನೀರನ್ನು ಬೇರು, ತರಗೆಲೆ, ಮಣ್ಣುಗಳಲ್ಲಿ ಹಿಡಿದಿಟ್ಟು ಮುಂದಿನ ಎಂಟು ತಿಂಗಳು ಮೆಲ್ಲಮೆಲ್ಲನೆ ಬಿಡುವ ಕಾನುಗಳೂ, ಹಳ್ಳಗಳ ಮೂಲದಲ್ಲಿರುವ ರಾಮಪತ್ರೆ ಜಡ್ಡಿಗಳೂ ಇರುವವರೆಗೆ ಮಾತ್ರ ಬೇಸಗೆಯಲ್ಲಿಯೂ ಬಂಡೆಯ ಮೇಲೆ ನೀರಿನ ಎಳೆ ಉಳಿಯುತ್ತದೆ. ಕಾಡು ಬೋಳಾದ ಮೇಲೆ ಜುಲೈ ತಿಂಗಳಲ್ಲಿ ಪ್ರಳಯ, ಫೆಬ್ರುವರಿಯಲ್ಲಿ ಒಣಬಂಡೆ.

ಈ ಸತ್ಯವನ್ನು ತಿಳಿಯಲು ಜೋಗಕ್ಕಿಂತ ಉತ್ತಮವಾದ ಶಾಲೆ ಬೇರೊಂದಿಲ್ಲ. ರಾಜಾ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಧಾರೆಗಳಾಗಿ ೮೩೦ ಅಡಿಯ ಆಳಕ್ಕೆ ಬೀಳುವ ಗೇರುಸೊಪ್ಪೆಯ ಈ ಧಬಧಬೆಯು ಒಂದು ಕಾಲಕ್ಕೆ ಎರಡು ಸರಕಾರಗಳ ಗಡಿಯಾಗಿದ್ದಿತು. ಬಲದಂಡೆ ಮುಂಬಯಿ ಪ್ರಾಂತದ್ದು, ಎಡದಂಡೆ ಮೈಸೂರು ಸಂಸ್ಥಾನದ್ದು. ಆಚೆಗೊಂದು ಬಂಗಲೆ, ಈಚೆಗೊಂದು ಬಂಗಲೆ. ಎರಡೂ ದಂಡೆಗಳಲ್ಲಿ ನಿಂತು ನೋಡುವವರ ಮಾತು ಕನ್ನಡವೇ ಆಗಿದ್ದರೂ ನಡುವೆ ಹರಿಯುವ ನೀರು ಅವರನ್ನು ಎರಡು ರಾಜ್ಯಗಳ ಪ್ರಜೆಗಳನ್ನಾಗಿ ಮಾಡಿತ್ತು. ೧೯೫೬ನೆಯ ನವೆಂಬರ ೧ರಂದು ಆ ಗೆರೆ ಅಳಿಸಿತು. ಏಕೀಕರಣದ ಸಾರ್ಥಕತೆಯನ್ನು ಒಂದೇ ನೋಟದಲ್ಲಿ ಕಾಣಬಯಸುವವರು ಜೋಗಕ್ಕೆ ಹೋಗಿ ಎರಡೂ ದಂಡೆಗಳಲ್ಲಿ ನಿಂತು ನೋಡಬೇಕು. ಸಾಗರದ ಕಡೆಯಿಂದ ಮಾತ್ರ ನೋಡಿ ಹಿಂದಿರುಗುವವರೇ ಹೆಚ್ಚು; ಸಿದ್ದಾಪುರದ ಕಡೆಯ ನೋಟವೂ ಅಷ್ಟೇ ದೊಡ್ಡದು.

ಆದರೆ ಹೋದವರೆಲ್ಲರಿಗೂ ಜೋಗವು ಕಾಣುವುದೆ? ವರ್ಷದ ಬಹುಭಾಗ ಅಲ್ಲಿ ಕಾಣಸಿಗುವುದು ಕಪ್ಪು ಬಂಡೆ ಮತ್ತು ಅದರ ಮೇಲೆ ಇಳಿಯುವ ನಾಲ್ಕು ಬಿಳಿಯ ದಾರಗಳು. ಇದರ ಕಾರಣವು ಗೂಢವಾದುದೇನಲ್ಲ. ೧೯೪೦ರ ದಶಕದ ಕೊನೆಗೆ ಧಬಧಬೆಯ ಬುಡದಲ್ಲಿಯೇ ವಿದ್ಯುದಾಗಾರವೊಂದು ಕೆಲಸಕ್ಕೆ ತೊಡಗಿತು. ಮೊದಲಿಗೆ ಕೃಷ್ಣರಾಜೇಂದ್ರರ ಹೆಸರನ್ನೂ ಬಳಿಕ ಮಹಾತ್ಮಾ ಗಾಂಧಿಯವರ ಹೆಸರನ್ನೂ ಹೊತ್ತ ಆ ಆಗಾರದ ಮೂಲ ಸಾಮರ್ಥ್ಯ ೧೨೦ ಮೆಗಾವಾಟು ಆಗಿದ್ದಿತು. ಅದಕ್ಕಾಗಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟನ್ನೇ ನುಂಗಿಕೊಂಡು ೧೯೬೪ರಲ್ಲಿ ಲಿಂಗನಮಕ್ಕಿಯ ಮಹಾ ಜಲಾಶಯವು ತಲೆಯೆತ್ತಿತು. ಸುಮಾರು ೧೫೦ ಟಿ.ಎಂ.ಸಿ. ನೀರನ್ನು ಹಿಡಿಯುವ ಈ ಜಲಾಶಯದಿಂದ ನೀರು ತಳಕಳಲೆಗೆ ಹೋಗಿ, ಅಲ್ಲಿಂದ ಕೊಳವೆಗಳ ಮೂಲಕ ೧೦೩೫ ಮೆಗಾವಾಟಿನ ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಎಂದರೆ, ನದಿಯ ಬಹುಪಾಲು ಜೋಗದ ಬಂಡೆಯನ್ನು ಮುಟ್ಟದೆಯೇ ಕೆಳಗಿನ ಕಣಿವೆಯನ್ನು ಸೇರುತ್ತದೆ. ಮಳೆ ಹೆಚ್ಚಾಗಿ ಜಲಾಶಯ ತುಂಬಿ, ಬಾಗಿಲುಗಳನ್ನು ತೆರೆಯಲೇಬೇಕಾದಾಗ ಮಾತ್ರ ಶರಾವತಿಯು ತನ್ನ ಹಳೆಯ ಹಾದಿಯನ್ನು ತುಂಬಿ ಹಿಡಿಯುತ್ತಾಳೆ. ತುಂಬದ ವರ್ಷಗಳೂ ಉಂಟು.

ಜೋಗವನ್ನು ನೋಡಿದ ವಿಶ್ವೇಶ್ವರಯ್ಯನವರು ಇಷ್ಟೊಂದು ಶಕ್ತಿ ವ್ಯರ್ಥವಾಗುತ್ತಿದೆಯೆಂದು ಹಲುಬಿದರೆಂಬ ಕಥೆ ನಾಡಿನಲ್ಲಿ ಜನಜನಿತವಾಗಿದೆ. ಅವರು ಹಾಗೆ ಅಂದರೋ ಬಿಟ್ಟರೋ, ಆ ಮಾತು ಅವರ ಪೀಳಿಗೆಯ ಮನಸ್ಸನ್ನು ಸರಿಯಾಗಿಯೇ ಹೇಳುತ್ತದೆ. ಅದನ್ನು ಇಂದು ಕುಳಿತು ಗೇಲಿ ಮಾಡುವುದು ಕೃತಘ್ನತೆಯಾದೀತು. ಹಳ್ಳಿಗಳು ಕತ್ತಲಲ್ಲಿದ್ದ ಕಾಲವದು. ಗಿರಣಿಗಳಿಗೆ, ಪಂಪುಗಳಿಗೆ, ಓದುವ ಹುಡುಗನ ದೀಪಕ್ಕೆ ಶಕ್ತಿ ಬೇಕಾಗಿದ್ದಿತು. ಶರಾವತಿ ಅದನ್ನು ಕೊಟ್ಟಳು. ಈ ನಾಡಿನ ಎಷ್ಟೋ ಮನೆಗಳ ಬೆಳಕು ದಶಕಗಳ ಕಾಲ ಬಹುಮಟ್ಟಿಗೆ ಅವಳದೇ ಆಗಿದ್ದಿತು. ಹೀಗಿರಲಾಗಿ ಅಣೆಕಟ್ಟನ್ನು ಒಡೆಯಿರೆಂದು ನಾವು ಹೇಳುತ್ತಿಲ್ಲ. ಆದರೆ ಕೊಟ್ಟವಳಿಗೆ ಪ್ರತಿಯಾಗಿ ಏನು ಸಂದಿತು, ಅವಳ ದಂಡೆಯಲ್ಲಿದ್ದವರಿಗೆ ಏನು ಸಂದಿತು ಎಂದು ಕೇಳುವ ಅಧಿಕಾರ ಆ ದೀಪದ ಕೆಳಗೆ ಓದಿದವರೆಲ್ಲರಿಗೂ ಇದೆ.

ದಂಡೆಯಲ್ಲಿದ್ದವರ ಮಾತನ್ನೇ ಮೊದಲು ಹೇಳೋಣ. ಲಿಂಗನಮಕ್ಕಿಯ ಹಿನ್ನೀರು ಅಡಿಕೆಯ ತೋಟಗಳನ್ನೂ ಗದ್ದೆಗಳನ್ನೂ ದೇವಸ್ಥಾನಗಳನ್ನೂ ಮುಳುಗಿಸಿತು. ಮುಳುಗಿದವರು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಾಡಂಚುಗಳಲ್ಲಿ ಚೆದರಿಹೋದರು. ಅವರಲ್ಲಿ ಅನೇಕರ ಮೊಮ್ಮಕ್ಕಳು ಇಂದಿಗೂ ತಾವು ಉಳುವ ಭೂಮಿಯ ಹಕ್ಕುಪತ್ರಕ್ಕಾಗಿ ಕಛೇರಿಯಿಂದ ಕಛೇರಿಗೆ ಅಲೆಯುತ್ತಿದ್ದಾರೆ. ಮುಳುಗದೆ ಉಳಿದವರ ಪಾಡೂ ಸುಖದ್ದಾಗಲಿಲ್ಲ. ಹಿನ್ನೀರಿನ ಆಚೆಯ ಸಿಗಂದೂರು, ತುಮರಿ ಸುತ್ತಿನ ಊರುಗಳು ದ್ವೀಪದಂತಾಗಿ, ಆಸ್ಪತ್ರೆಗೆ ಹೋಗಬೇಕಾದ ಬಸುರಿಯೂ ಪರೀಕ್ಷೆಗೆ ಹೋಗಬೇಕಾದ ಹುಡುಗನೂ ಲಾಂಚಿನ ದಾರಿ ಕಾಯಬೇಕಾಯಿತು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಸೇತುವೆಯು ಸಂಚಾರಕ್ಕೆ ತೆರೆದದ್ದು ೨೦೨೫ನೆಯ ಜುಲೈ ತಿಂಗಳಲ್ಲಿ. ಅಣೆಕಟ್ಟು ಮುಗಿದು ಅರವತ್ತು ವರ್ಷ ಕಳೆದ ಮೇಲೆ! ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆಯನ್ನು ಹುಟ್ಟಿಸಿದವರು ಶರಾವತಿಯ ಹಿನ್ನೀರನ್ನು ಕಂಡವರಲ್ಲ. ಕಂಡಿದ್ದರೆ ಇನ್ನೂ ಕಟುವಾದುದನ್ನು ಹುಟ್ಟಿಸುತ್ತಿದ್ದರು.

ಇನ್ನು ನದಿಗೆ ಸಂದದ್ದರ ಮಾತು. ಜೋಗದ ಮೇಲಿನ ನೀರಿನ ಹರಿವು ಇಂದು ಹೆಚ್ಚಾಗಿ ಎಂಜಿನಿಯರರ ಕೈಯಲ್ಲಿದೆ. ನೋಡುವವರ ಸಂಖ್ಯೆ ಹೆಚ್ಚಾದ ದಿನಗಳಲ್ಲಿ ಒಂದಷ್ಟು ನೀರನ್ನು ಬಿಟ್ಟು ಧಬಧಬೆಯನ್ನು ತೋರಿಸಬೇಕೆಂದೂ, ಬಿದ್ದ ನೀರನ್ನು ಮತ್ತೆ ಮೇಲೆತ್ತಿ ವರ್ಷವಿಡೀ ಬೀಳಿಸಬೇಕೆಂದೂ ಸಲಹೆಗಳು ಕಾಲಕಾಲಕ್ಕೆ ಬಂದಿವೆ. ಇದು ನಮಗೆ ಸರಿಕಾಣದು. ನಲ್ಲಿಯ ತಿರುಪನ್ನು ತಿರುಗಿಸಿ ತೋರಿಸುವುದಾದರೆ ಅದಕ್ಕೆ ಜೋಗವೇಕೆ? ಯಾವ ಉದ್ಯಾನದ ಕಾರಂಜಿಯಾದರೂ ಸಾಕು. ನಾವು ಕೇಳುವುದು ಪ್ರದರ್ಶನವನ್ನಲ್ಲ, ನದಿಯ ಪಾಲನ್ನು. ಬೇಸಗೆಯಲ್ಲಿ ಇಂತಿಷ್ಟು, ಮಳೆಗಾಲದಲ್ಲಿ ಇಂತಿಷ್ಟು ಎಂದು ಒಳಹರಿವಿನ ಒಂದು ಭಾಗವನ್ನು ಪ್ರತಿದಿನವೂ, ನೋಡುವವರು ಇರಲಿ ಬಿಡಲಿ, ನದಿಯ ಸಹಜ ಪಾತ್ರಕ್ಕೆ ಬಿಡುವ ನಿಯಮವೊಂದು ಬರಹದಲ್ಲಿ ಬರಬೇಕು. ಬಂಡೆಯ ಸೀಳುಗಳಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೂ, ಕಣಿವೆಯ ತೇವದಲ್ಲಿ ಬದುಕುವ ಕಪ್ಪೆಗಳಿಗೂ, ಪಾಚಿ ಜರಿಗಿಡಗಳಿಗೂ ಆದಿತ್ಯವಾರದ ರಜೆಯಿಲ್ಲ. ಸೌರವಿದ್ಯುತ್ತೂ ಗಾಳಿವಿದ್ಯುತ್ತೂ ಬೆಳೆದಿರುವ ಈ ಕಾಲದಲ್ಲಿ ಅಷ್ಟು ನೀರಿನ ನಷ್ಟವನ್ನು ನಾಡು ತಾಳಿಕೊಳ್ಳಲಾರದೆನ್ನುವುದು ನಂಬತಕ್ಕ ಮಾತಲ್ಲ.

ಜೋಗದಿಂದ ಉತ್ತರಕ್ಕೆ ಹೆಚ್ಚು ದೂರವೇನಿಲ್ಲ, ಸಿದ್ದಾಪುರ ತಾಲೂಕಿನ ಹೆಗ್ಗರಣೆಯ ಬಳಿ ಅಘನಾಶಿನಿಯು ಸುಮಾರು ೩೮೦ ಅಡಿ ಧುಮುಕುತ್ತಾಳೆ. ಇದೇ ಉಂಚಳ್ಳಿಯ ಧಬಧಬೆ. ಇದಕ್ಕೆ ಲಷಿಂಗ್ಟನ್ ಧಬಧಬೆಯೆಂಬ ಇನ್ನೊಂದು ಹೆಸರು ಇಂದಿಗೂ ಫಲಕಗಳ ಮೇಲೂ ಪುಸ್ತಕಗಳಲ್ಲೂ ಉಳಿದಿದೆ. ೧೮೪೫ರಲ್ಲಿ ಆ ಹೆಸರಿನ ಆಂಗ್ಲ ಕಲೆಕ್ಟರನು ಇದನ್ನು ಕಂಡುಹಿಡಿದನಂತೆ. ಊರಿನವರು ಇದನ್ನು ಕೆಪ್ಪ ಜೋಗವೆಂದು ಕರೆಯುತ್ತ ಬಂದವರು. ಇದರ ಮೊರೆತಕ್ಕೆ ಕಿವಿ ಕೆಪ್ಪಾಗುತ್ತದೆಯೆಂದು. ಕಲೆಕ್ಟರನು ಬಂದು ಕಂಡುಹಿಡಿಯುವವರೆಗೆ ಈ ಜನರು ಕಿವುಡರಾಗಿದ್ದುದು ಸಾಲದೆಂದು ಕುರುಡರೂ ಆಗಿದ್ದರೋ ಏನೋ! ಸ್ವಾತಂತ್ರ್ಯ ಬಂದು ಮುಕ್ಕಾಲು ಶತಮಾನ ಕಳೆದ ಮೇಲಾದರೂ ಆ ಕಲೆಕ್ಟರನಿಗೆ ನಿವೃತ್ತಿ ಕೊಡಬಹುದು. ಕೆಪ್ಪ ಜೋಗಕ್ಕಿಂತ ಅರ್ಥವತ್ತಾದ ಹೆಸರನ್ನು ಯಾವ ಕವಿಯೂ ಇಡಲಾರ.

ಹೆಸರಿನ ಮಾತು ಹಾಗಿರಲಿ. ಉಂಚಳ್ಳಿಯು ವಿಶೇಷವಾಗುವುದು ಅಘನಾಶಿನಿಗೆ ಅಣೆಕಟ್ಟಿಲ್ಲದಿರುವುದರಿಂದ. ಶಿರಸಿಯ ಸುತ್ತಿನಲ್ಲಿ ಹುಟ್ಟಿ ಕುಮಟೆಯ ಬಳಿ ಕಡಲನ್ನು ಸೇರುವವರೆಗೆ ಈ ನದಿಯನ್ನು ಯಾವ ಮಹಾಗೋಡೆಯೂ ತಡೆದಿಲ್ಲ. ಅದರ ಫಲವನ್ನು ನೋಡಬೇಕಾದರೆ ಧಬಧಬೆಯ ಕಟ್ಟೆಯಿಂದ ಎದ್ದು ಘಟ್ಟವಿಳಿದು ಅಳಿವೆಗೆ ಹೋಗಬೇಕು. ಅಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆಯುವ ಗಜನಿಗಳಲ್ಲಿ ರೈತರು ಉಪ್ಪನ್ನು ತಡೆಯುವ ಕಗ್ಗ ಭತ್ತವನ್ನು ಬೆಳೆಯುತ್ತಾರೆ. ಇಳಿತದ ಹೊತ್ತಿನಲ್ಲಿ ಹೆಂಗಸರೂ ಗಂಡಸರೂ ಮೊಣಕಾಲುದ್ದದ ನೀರಿನಲ್ಲಿ ನಿಂತು ಬಳಚುಗಳನ್ನು ಹೆಕ್ಕುತ್ತಾರೆ. ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಮೀನು ಸಿಗಡಿಗಳು ಮರಿಯಿಡುತ್ತವೆ. ಉಂಚಳ್ಳಿಯಲ್ಲಿ ಬಿದ್ದ ನೀರೇ ಇಲ್ಲಿ ಸಾವಿರಾರು ಒಲೆಗಳ ಅನ್ನವಾಗುತ್ತದೆ. ೨೦೨೪ರ ಜನವರಿಯಲ್ಲಿ ಈ ಅಳಿವೆಯ ೪೮೦೧ ಹೆಕ್ಟೇರು ಪ್ರದೇಶವು ರಾಮ್‌ಸಾರ್ ಒಡಂಬಡಿಕೆಯ ಪಟ್ಟಿಗೆ ಸೇರಿ ಜಗತ್ತಿನ ಮಹತ್ತ್ವದ ಜೌಗುನೆಲಗಳಲ್ಲಿ ಒಂದೆನಿಸಿತು. ಸಮುದ್ರಕ್ಕೆ ಹೋಗುವ ನೀರು ವ್ಯರ್ಥವೆನ್ನುವವರು ಒಂದು ದಿನದ ಮಟ್ಟಿಗಾದರೂ ಇಳಿತದ ಹೊತ್ತಿನಲ್ಲಿ ಈ ಅಳಿವೆಯ ದಂಡೆಯಲ್ಲಿ ನಿಲ್ಲಬೇಕು.

ಬೇಡ್ತಿಯ ಕಥೆಯೂ ಇದಕ್ಕೆ ಹೊಂದಿಕೊಂಡದ್ದೇ. ಧಾರವಾಡ ಹುಬ್ಬಳ್ಳಿಗಳ ಕಡೆಯಿಂದ ಬರುವ ಈ ನದಿಯು ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಎರಡು ನೆಗೆತಗಳಲ್ಲಿ ಕಣಿವೆಗೆ ಇಳಿದು, ಗಂಗಾವಳಿಯೆಂಬ ಹೆಸರಿನಿಂದ ಅಂಕೋಲೆಯ ಬಳಿ ಕಡಲನ್ನು ಸೇರುತ್ತದೆ. ಇಲ್ಲಿಯೂ ಅಣೆಕಟ್ಟೊಂದು ಏಳಬೇಕಾಗಿದ್ದಿತು. ೧೯೮೧ರಲ್ಲಿ ಶಿರಸಿಯ ತೋಟಗಾರರ ಸಹಕಾರಿ ಸಂಘದವರು ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಕರೆಸಿ, ಯೋಜನೆಯ ಲಾಭನಷ್ಟಗಳನ್ನು ಬಹಿರಂಗವಾಗಿ ಚರ್ಚೆಗಿಟ್ಟರು. ಅಡಿಕೆ, ಯಾಲಕ್ಕಿ, ಮೆಣಸು ಬೆಳೆಯುವ ಕೃಷಿಕರು ಘೋಷಣೆಯನ್ನಷ್ಟೇ ಕೂಗದೆ ಅಂಕಿಗಳನ್ನು ಹಿಡಿದು ವಾದಿಸಿದ್ದು ಈ ದೇಶದ ಇತಿಹಾಸದಲ್ಲಿಯೇ ಅಪರೂಪದ ಪ್ರಸಂಗ. ಯೋಜನೆಯು ನಿಂತಿತು. ಎರಡು ವರ್ಷಗಳ ಬಳಿಕ, ೧೯೮೩ರ ಸಪ್ಟೆಂಬರದಲ್ಲಿ, ಶಿರಸಿ ತಾಲೂಕಿನ ಸಾಲ್ಕಣಿಯ ಜನರು ಕಡಿಯಲು ಗುರುತು ಹಾಕಿದ ಮರಗಳನ್ನು ತಬ್ಬಿ ನಿಂತು ಅಪ್ಪಿಕೋ ಚಳುವಳಿಗೆ ಮೊದಲು ಮಾಡಿದರು. ಮಾಗೋಡಿನ ಎದುರು ನಿಂತು ಚಿತ್ರ ತೆಗೆಯುವವನಿಗೆ ಈ ಎರಡು ಸಂಗತಿಗಳನ್ನು ಯಾರೂ ಹೇಳುವುದಿಲ್ಲ. ಆ ಧಬಧಬೆಯು ಉಳಿದಿರುವುದು ದೈವಕೃಪೆಯಿಂದಲ್ಲ, ಕೆಲವು ಸಾವಿರ ಜನರ ಹಟದಿಂದ.

ಆ ಹಟವು ಮತ್ತೆ ಬೇಕಾಗಿ ಬಂದಿದೆ. ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ಯೋಜನೆಯು ಹಲವು ವರ್ಷಗಳಿಂದ ತಲೆಯೆತ್ತುತ್ತಲೇ ಇದೆ. ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ವಿಚಾರವು ೨೦೧೯ರಲ್ಲಿ ಮಲೆನಾಡನ್ನೆಲ್ಲ ಕೆರಳಿಸಿತ್ತು. ತಳಕಳಲೆಗೂ ಗೇರುಸೊಪ್ಪೆಯ ಜಲಾಶಯಕ್ಕೂ ನಡುವೆ ಸುರಂಗಗಳನ್ನು ಕೊರೆದು, ಕೆಳಗಿನ ನೀರನ್ನು ಮೇಲಕ್ಕೆತ್ತಿ ಮತ್ತೆ ಇಳಿಸಿ ೨೦೦೦ ಮೆಗಾವಾಟು ಪಡೆಯುವ ಭೂಗರ್ಭ ಯೋಜನೆಯೂ ಪ್ರಸ್ತಾಪದಲ್ಲಿದೆ. ಅದರ ದಾರಿಯಲ್ಲಿರುವುದು ೨೦೧೯ರಲ್ಲಿ ಸರಕಾರವೇ ಸಿಂಗಳೀಕಗಳಿಗೆಂದು ಘೋಷಿಸಿದ ಅಭಯಾರಣ್ಯ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಹಾವೇರಿ ಗದಗುಗಳ ರೈತನು ನಮಗೆ ಪರಕೀಯನೂ ಅಲ್ಲ. ಆದರೆ ೨೦೨೧ರಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯೂ, ೨೦೨೪ರಲ್ಲಿ ಗಂಗಾವಳಿಯ ದಂಡೆಯ ಶಿರೂರೂ ಗುಡ್ಡ ಕುಸಿದು ಹೇಳಿದ ಪಾಠವನ್ನು ಈ ನಕ್ಷೆಗಳನ್ನು ಬರೆಯುವವರು ಓದಿದ್ದಾರೆಯೆ? ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡವೇ ಜನರ ಮೇಲೆ ಬಂದಿತೆಂಬುದನ್ನು ಮರೆಯುವಂತಿಲ್ಲ. ಬಯಲುಸೀಮೆಯ ಕೆರೆಗಳ ಹೂಳನ್ನು ತೆಗೆಸದೆ ಮಲೆನಾಡಿನ ಬೆಟ್ಟವನ್ನು ಕೊರೆಯಹೊರಡುವುದು ಮನೆಯ ಬಾವಿಗೆ ಕಸ ತುಂಬಿ ನೆರೆಮನೆಯ ಕೊಡಕ್ಕೆ ಕೈಹಾಕಿದಂತೆ.

ಈಗ ಪ್ರವಾಸಿಗರ ವಿಷಯಕ್ಕೆ ಬರೋಣ. ಪ್ರತಿ ಮಳೆಗಾಲದಲ್ಲಿಯೂ ಧಬಧಬೆಗಳಲ್ಲಿ ತರುಣರು ಪ್ರಾಣ ಕಳೆದುಕೊಳ್ಳುವ ಸುದ್ದಿಗಳು ಬರುತ್ತಿವೆ. ೨೦೨೩ರ ಜುಲೈಯಲ್ಲಿ ಕೊಲ್ಲೂರಿನ ಸಮೀಪದ ಅರಸಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತು ಚಲನಚಿತ್ರ ತೆಗೆಸಿಕೊಳ್ಳುತ್ತಿದ್ದ ಯುವಕನೊಬ್ಬನು ಕಾಲು ಜಾರಿ ನೀರುಪಾಲಾದುದನ್ನು ನಾಡೆಲ್ಲ ಮೊಬೈಲಿನಲ್ಲಿ ನೋಡಿತು. ನೋಡಿಯೂ ಬುದ್ಧಿ ಕಲಿತಂತಿಲ್ಲ. ಪಾಚಿ ಹಿಡಿದ ಬಂಡೆಯು ಪಟ್ಟಣದ ಕಾಲುಹಾದಿಯಲ್ಲ. ಮೇಲೆಲ್ಲೋ ಸುರಿದ ಮಳೆಯು ಬಿಸಿಲಿರುವ ಕಣಿವೆಗೂ ಕ್ಷಣಾರ್ಧದಲ್ಲಿ ನೆರೆಯನ್ನು ತರಬಲ್ಲುದು. ಇದನ್ನು ತಿಳಿಸಬಲ್ಲವನು ಆ ಊರಿನವನು. ಅವನ ಮಾತನ್ನು ಕೇಳುವ ತಾಳ್ಮೆ ಮೋಟಾರಿನಲ್ಲಿ ಬಂದವನಿಗೆ ಇಲ್ಲ. ಜಿಲ್ಲಾಡಳಿತಗಳಾದರೋ ಮಳೆ ಜೋರಾದೊಡನೆ ಪ್ರವೇಶ ನಿಷೇಧದ ಆಜ್ಞೆ ಹೊರಡಿಸಿ ಕೈತೊಳೆದುಕೊಳ್ಳುತ್ತವೆ. ಅನಾಹುತದ ದಿನಗಳಲ್ಲಿ ಅದು ಬೇಕಾದದ್ದೇ. ಆದರೆ ಬಾಗಿಲು ಹಾಕುವುದೊಂದನ್ನೇ ಆಡಳಿತವೆಂದು ಕರೆಯಲಾಗದು.

ಮಾಡತಕ್ಕದ್ದೇನೆಂಬುದಕ್ಕೆ ಉದಾಹರಣೆ ದೂರದಲ್ಲಿಲ್ಲ. ೨೦೨೪ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನಸಾಗರವೇ ನುಗ್ಗಿದ ಮೇಲೆ ಅರಣ್ಯ ಇಲಾಖೆಯು ಚಾರಣಕ್ಕೆ ಮುಂಗಡ ನೋಂದಣಿಯನ್ನೂ ದಿನಕ್ಕೆ ಇಂತಿಷ್ಟೇ ಜನರೆಂಬ ಮಿತಿಯನ್ನೂ ಗೊತ್ತುಮಾಡಿತು. ಇಕ್ಕಟ್ಟಾದ ಕಾಡಿನ ದಾರಿಯುಳ್ಳ ಧಬಧಬೆಗಳಿಗೂ ಇದೇ ಕ್ರಮವು ಬರಲಿ. ಮೋಟಾರುಗಳು ಒಂದೆರಡು ಮೈಲಿಯ ಈಚೆಗೇ ನಿಲ್ಲಲಿ. ಕಾಲಿದ್ದವರು ನಡೆಯಲಿ, ನಡೆಯಲಾರದ ವೃದ್ಧರಿಗೆ ಊರಿನವರ ಗಾಡಿಗಳಿರಲಿ. ಪ್ರವೇಶಶುಲ್ಕವು ಬೆಂಗಳೂರಿನ ಬೊಕ್ಕಸಕ್ಕೆ ಹೋಗದೆ ಆಯಾ ಗ್ರಾಮ ಅರಣ್ಯ ಸಮಿತಿಯ ಕೈಯಲ್ಲಿ ಉಳಿಯಲಿ. ಊರಿನ ಹುಡುಗರೇ ದಾರಿ ತೋರುವವರಾಗಲಿ, ಕಾವಲಿನವರಾಗಲಿ. ಮರದ ಬುಡದಲ್ಲಿ ಬಾಟಲಿ ಒಡೆಯುವವನನ್ನು ಗದರಿಸಿ ಹಿಂದಕ್ಕೆ ಕಳಿಸುವ ಅಧಿಕಾರವೂ ಅವರಿಗಿರಲಿ. ಅಘನಾಶಿನಿಯೆಂದರೆ ಪಾಪವನ್ನು ಕಳೆಯುವವಳೆಂದು ಅರ್ಥ. ಪ್ಲಾಸ್ಟಿಕ್ಕನ್ನು ಕಳೆಯುವ ಶಕ್ತಿ ಅವಳಿಗಿದೆಯೆಂದು ಯಾವ ಪುರಾಣದಲ್ಲಿಯೂ ಹೇಳಿಲ್ಲ.

ಇದಕ್ಕೆ ಬದಲಾಗಿ ಸರಕಾರದ ಬಾಯಲ್ಲಿ ಕೇಳಿಬರುತ್ತಿರುವುದು ರೋಪ್‌ವೇ, ಪಂಚತಾರಾ ಹೋಟೆಲುಗಳ ಮಾತು. ಜೋಗದ ಬಳಿ ಶುಚಿಯಾದ ಶೌಚಗೃಹ, ಕುಡಿಯುವ ನೀರು, ಬಡವನು ತಂಗಬಹುದಾದ ಛತ್ರ, ಮಳೆಯಲ್ಲಿ ಜಾರದ ಮೆಟ್ಟಿಲುಗಳು ಇವು ಸದಾ ಸುಸ್ಥಿತಿಯಲ್ಲಿರಬೇಕು. ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ಆದರೆ ಕಣಿವೆಯ ಅಂಚಿನಲ್ಲಿ ಕಾಂಕ್ರೀಟಿನ ಪಟ್ಟಣವೊಂದನ್ನು ಕಟ್ಟಿದರೆ ಬಂದವರು ನೋಡುವುದು ಆ ಪಟ್ಟಣವನ್ನೇ ಹೊರತು ಧಬಧಬೆಯನ್ನಲ್ಲ. ನೀರೇ ಬೀಳದ ಬಂಡೆಯ ಎದುರು ಸಾವಿರಾರು ರೂಪಾಯಿ ಬಾಡಿಗೆಯ ಕೋಣೆಗಳನ್ನು ಕಟ್ಟುವ ವ್ಯಾಪಾರಬುದ್ಧಿಯಾದರೂ ಎಂಥದೆಂದು ನಮಗೆ ತಿಳಿಯದು.

ಸದ್ಯಕ್ಕೆ ನಾವು ಒಂದು ಅತ್ಯಲ್ಪ ಕೆಲಸವನ್ನು ಕೇಳುತ್ತೇವೆ. ನದಿಯ ಪಾಲನ್ನು ಗೊತ್ತುಪಡಿಸುವ ನಿಯಮ ಬರುವಾಗ ಬರಲಿ. ಅಷ್ಟರಲ್ಲಿ ಜೋಗದ ಪ್ರವೇಶದ್ವಾರದಲ್ಲಿ ದೊಡ್ಡದೊಂದು ಹಲಗೆಯನ್ನು ನಿಲ್ಲಿಸಿ, ಲಿಂಗನಮಕ್ಕಿಗೆ ನಿನ್ನೆ ಬಂದ ನೀರೆಷ್ಟು, ವಿದ್ಯುತ್ತಿಗಾಗಿ ಹೋದದ್ದೆಷ್ಟು, ಧಬಧಬೆಗೆ ಬಿಟ್ಟದ್ದೆಷ್ಟು ಎಂಬ ಮೂರು ಅಂಕಿಗಳನ್ನು ದಿನದಿನವೂ ಕನ್ನಡದಲ್ಲಿ ಬರೆಯಿಸಲಿ. ಮಕ್ಕಳನ್ನು ಕರೆದುಕೊಂಡು ಬಂದ ಉಪಾಧ್ಯಾಯನು ಅದನ್ನು ಓದಿ ಹೇಳಬಲ್ಲನು. ದೂರದಿಂದ ಬಂದು ಒಣಬಂಡೆಯನ್ನು ನೋಡಿ ನಿರಾಶನಾದವನಿಗೂ ಕಾರಣ ತಿಳಿದೀತು. ಹಲಗೆಯೊಂದನ್ನೂ ಒಂದು ಡಬ್ಬಿ ಬಣ್ಣವನ್ನೂ ಬಿಟ್ಟರೆ ಇದಕ್ಕೆ ಮತ್ತಾವ ವೆಚ್ಚವೂ ತಗಲದು. ಲೆಕ್ಕವಂತೂ ವಿದ್ಯುತ್ ನಿಗಮದ ಕಛೇರಿಯಲ್ಲಿ ದಿನವೂ ಬರೆಯಲ್ಪಡುತ್ತಲೇ ಇದೆ.